ಕಣ್ಣು ಪೂರ್ತಿ ಬಿಡಿ

ದಿನಕ್ಕೆ ನಲವತ್ತು ಸಲ ಹೇಳುತ್ತೇನೆ,
ಉಡುಪಿ ಸಿಟಿ ಬಸ್‌ಸ್ಟ್ಯಾಂಡಿನ ಹಿಂದಿನ ಆಧಾರ್ ಕೌಂಟರಿನಲ್ಲಿ ಕೂತು:
ಕಣ್ಣು ಪೂರ್ತಿ ಬಿಡಿ. ಇನ್ನೂ. ಇನ್ನೂ ಸ್ವಲ್ಪ.
ಮಲ್ಪೆಯಿಂದ ಬಂದ ಅಜ್ಜಿಯರು
ಉಪ್ಪು ಕಚ್ಚಿದ ತೋರುಬೆರಳಿನಿಂದ
ರೆಪ್ಪೆ ಎತ್ತಿ ಹಿಡಿಯುತ್ತಾರೆ,
ಶಟರು ಅರ್ಧ ಎತ್ತಿ
ಒಳಗೆ ಯಾರುಂಟು ನೀನೇ ನೋಡು ಎಂಬಂತೆ.
ಯಂತ್ರ ಒಪ್ಪುತ್ತದೆ. ಹಸಿರು ಗೆರೆ.

ಮಾರ್ಚಿನಲ್ಲಿ ಒಂದು ದಿನ ಅದು ನನ್ನನ್ನು ಒಪ್ಪಲಿಲ್ಲ.
ಒಂಬತ್ತೂವರೆ, ಹೊರಗೆ ಟೋಕನ್ನಿನ ಸಾಲು,
ಲಾಗಿನ್ನಿಗೆ ಕಣ್ಣು ಕೊಟ್ಟೆ.
ಮತ್ತೆ ಕೊಟ್ಟೆ.
ಪಕ್ಕದ ಕುರ್ಚಿಯ ಧೀರಜ, ಹೊಸ ಹುಡುಗ, ಅಂದ:
"ಸುಗಂಧಿಯಕ್ಕ, ಕಣ್ಣು ಪೂರ್ತಿ ಬಿಡಿ ಮಾರ್ರೆ."

ಬಿಟ್ಟೇ ಇತ್ತು.

ಆಮೇಲೆ ಕನ್ನಡಿ. ಬೇಡವೆಂದರೂ ಕನ್ನಡಿ.
ಪಿನ್ನು ಬಿಚ್ಚಿದ ನಿರಿಗೆಯಂತೆ ಚರ್ಮ
ಜಾರಿ ಕೂದಲ ಮೇಲೆ ಕೂತಿದೆ.
ಕಾಡಿಗೆ ಹಚ್ಚಿದರೆ ಮಡಿಕೆಯೊಳಗೆ ನುಗ್ಗಿ
ಮಧ್ಯಾಹ್ನದ ಹೊತ್ತಿಗೆ ಮೇಲೊಂದು
ಸುಳ್ಳು ಕಣ್ಣು ಬರೆದಿರುತ್ತದೆ.
ನಿದ್ದೆ ಇಲ್ವಾ? ಜ್ವರವಾ? ಅತ್ತಿರಾ?
ಏಳು ಗಂಟೆ ಗೊರಕೆ ಹೊಡೆದು ಬಂದವಳನ್ನು
ಏನೆಲ್ಲ ಕೇಳುತ್ತಾರೆ ಜನ.

ಕಂಕನಾಡಿಯ ಡಾಕ್ಟರ್ ಪ್ರೆಸಿಲ್ಲಾ
ಮೊದಲಿನದು ಆಮೇಲಿನದು ಎಂಬ ಫೋಟೋ ಯಾವುದೂ ತೋರಿಸಲಿಲ್ಲ.
ಬಿಳಿ ಬೋಗುಣಿಯೊಂದರೊಳಗೆ ಮುಖ ಇಡಿಸಿ,
ಬೆಳಕಿನ ಚುಕ್ಕಿ ಕಂಡಾಗೆಲ್ಲ ಗುಂಡಿ ಒತ್ತಿ ಎಂದರು.
ಮೇಲುಗಡೆ ಬಂದದ್ದು ಹದಿನಾಲ್ಕು.
ನಾನು ಒತ್ತಿದ್ದು ಆರು.
ರೆಪ್ಪೆಗೆ ಟೇಪು ಅಂಟಿಸಿ ಎತ್ತಿದ ಮೇಲೆ, ಹದಿಮೂರು.

ಆಮೇಲೆ ಕೆಳರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿ
ಐದು ನಿಮಿಷ ಕೂರಿಸಿದರು.
ಕಣ್ಣೀರಿಗೂ ಸ್ಕೇಲು ಉಂಟೆಂದು ಯಾರಿಗೆ ಗೊತ್ತಿತ್ತು!
ಏಳು ಮಿಲಿಮೀಟರು. ಕಡಿಮೆಯೇ, ಅಂದರು.
ಕತ್ತರಿಸಿದರೆ ಇನ್ನೂ ಒಣಗೀತು,
ಕೆಲವು ದಿನ ರೆಪ್ಪೆ ಪೂರ್ತಿ ಮುಚ್ಚದೆಯೂ ಇದ್ದೀತು,
ತೆಗೆಯುವುದು ಕುಚ್ಚಲಕ್ಕಿಯ ನಾಲ್ಕು ಕಾಳಿನಷ್ಟು,
ತೆಗೆದದ್ದನ್ನು ವಾಪಸು ಇಡಲಿಕ್ಕೆ ಆಗುವುದಿಲ್ಲ.
ಪೆನ್ನು ಕೆಳಗಿಟ್ಟು ಕೇಳಿದರು:
"ನಿಮಗೆ ಕಾಣುವುದಿಲ್ಲ ಅಂತಲೋ,
ನೀವು ಚಂದ ಕಾಣುವುದಿಲ್ಲ ಅಂತಲೋ?"

ಎರಡಕ್ಕೂ ಒಂದೇ ಕ್ರಿಯಾಪದ, ಡಾಕ್ಟ್ರೇ.
ಈ ಭಾಷೆಯಲ್ಲಿ ನಾನು ಹೇಗೆ ಬಿಡಿಸಿ ಹೇಳಲಿ?

ಟೇಪು ತೆಗೆಯಲು ಮರೆತು ಎಕ್ಸ್‌ಪ್ರೆಸ್ ಹತ್ತಿದೆ.
ಮೂಲ್ಕಿ ಸೇತುವೆಯ ಮೇಲೆ ಗರುಡ,
ಕುತ್ತಿಗೆ ಎತ್ತದೆ ಕಂಡ ಗರುಡ!
ಎಷ್ಟು ವರ್ಷದಿಂದ ನನ್ನ ಲೋಕಕ್ಕೆ
ಮೇಲ್ಗಡೆ ನಾಲ್ಕು ಇಂಚು ಇರಲೇ ಇಲ್ಲ,
ನಾನದನ್ನು ಹುಡುಕಲೂ ಇಲ್ಲ.
ಕಿಟಕಿಯ ಗಾಜಿನಲ್ಲಿ ನನ್ನ ಮುಖ:
ಯಾರೋ ತೀರಿಕೊಂಡ ಸುದ್ದಿ
ಈಗಷ್ಟೇ ಕಿವಿಗೆ ಬಿದ್ದವಳ ಹಾಗೆ.
ಟಿಕೆಟು ಹರಿಯುತ್ತ ಕಂಡಕ್ಟರು ಬಗ್ಗಿದ:
"ಎಂತ ಆಯ್ತು ಅಕ್ಕ?"
ಬಿದ್ದರೂ ಕೇಳುತ್ತಾರೆ. ಎದ್ದರೂ ಕೇಳುತ್ತಾರೆ.

ಎಪ್ಪತ್ತೆರಡು ಸಾವಿರ. ಹತ್ತು ದಿನ ರಜೆ.
ಈ ಪ್ರಾಯದಲ್ಲಾ, ಅಂದಳು ನಾದಿನಿ ಲಲನಾ,
ಕೂದಲಿಗೆ ಮೆಹಂದಿ ಬಳಿದು ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು.
ನಾನು ನಕ್ಕೆ. ನಕ್ಕರೆ ಈಗ
ಎರಡು ಕಣ್ಣೂ ಕಾಣೆ.

ಮೂರು ತಿಂಗಳು ಹನಿ ಹಾಕಿ ಬನ್ನಿ ಎಂದಿದ್ದಾರೆ.
ಶಾಲೆಗೆ ಸೇರಿಸುವವರ ನೂಕು ಮುಗಿಯಲಿ ಎಂದಿದ್ದೇನೆ ನಾನೂ.
ಫಾರಮ್ಮು ಕೌಂಟರಿನ ಡ್ರಾಯರಿನಲ್ಲಿ,
ಸ್ಟೇಪ್ಲರಿನ ಅಡಿಯಲ್ಲಿ ಉಂಟು.
'ಕಾರಣ' ಎಂಬ ಕಡೆ ಒಮ್ಮೆ ಬರೆದು
ವೈಟ್ನರ್ ಹಚ್ಚಿ, ಅದು ಒಣಗಿ, ಈಗ ಸಿಪ್ಪೆ ಏಳುತ್ತಿದೆ.

ನಿನ್ನೆ ಬಂದ ಅಜ್ಜಿ, ಹೆಸರು ಕಲ್ಯಾಣಿ ಮೆಂಡನ್,
ಹುಟ್ಟಿದ ದಿನ ಗೊತ್ತಿಲ್ಲ,
ಕಣ್ಣು ಪೂರ್ತಿ ಬಿಡಿ ಎಂದೆ.
ಬಿಟ್ಟರು. ಹಸಿರು ಬಂತು.
ಎದ್ದು ಹೋಗದೆ ನನ್ನನ್ನೇ ನೋಡಿ
ಕೌಂಟರಿನ ಈಚೆಗೆ ಕೈ ಚಾಚಿ
ತಮ್ಮ ತಣ್ಣನೆಯ ಬೆರಳಿನಿಂದ
ನನ್ನ ಬಲರೆಪ್ಪೆ ಎತ್ತಿ ಹಿಡಿದರು:
"ಇಂಚ, ಮಗಾ."

ಟ್ಯೂಬ್‌ಲೈಟಿನ ಮೇಲೆ ಒಂದು ಹಲ್ಲಿ ಇತ್ತು.
ಎಷ್ಟು ದಿನದಿಂದಲೋ.